ಪುಠಾಣಿಯಲ್ಲಿ ಸೇರಿದ ಗುಳಿಗೆ

ಭಾಂಡುಪಿನ ಶಿವಕೃಪಾ ಬಿಲ್ಡಿಂಗಿನಲ್ಲಿ ಉಸಿರಿನ ವಿಷಯ ಬಂತೆಂದರೆ ಗದಿಗೆಪ್ಪನ ಮಾತೇ ಕೊನೆಯ ಮಾತು. ಪ್ರತಿ ಭಾನುವಾರ ಬೆಳಿಗ್ಗೆ ಆತ ಟೆರೇಸಿನ ಮೇಲೆ ಚಾಪೆ ಹಾಸಿ, ನೀರಿನ ಟಾಕಿಗೆ ಬೆನ್ನು ಕೊಟ್ಟು ಕುಳಿತು, ನೆರೆಹೊರೆಯವರಿಗೆ ಪುಕ್ಕಟೆಯಾಗಿ ಪ್ರಾಣಾಯಾಮ ಕಲಿಸುತ್ತಿದ್ದ. "ಎಳಕೋರಿ... ಹಿಡೀರಿ... ಬಿಡ್ರಿ." ಪಾಠ ಇಷ್ಟೇ. ಅದೂ ಟೀವಿ ನೋಡಿ ಕಲಿತದ್ದು. ಆದರೆ ಜನ 'ಗುರೂಜಿ' ಎಂದು ಕರೆಯತೊಡಗಿದ ಮೇಲೆ ಆತ ಬಿಳಿ ಶಾಲೊಂದನ್ನು ಕೊಂಡಿದ್ದ, ಮಾತಾಡುವಾಗ ನಡುನಡುವೆ ಕಣ್ಣು ಮುಚ್ಚುವುದನ್ನೂ ರೂಢಿ ಮಾಡಿಕೊಂಡಿದ್ದ.

ಶಿಷ್ಯರು ಕಣ್ಣು ಮುಚ್ಚಿಯೇ ಉಸಿರು ಹಿಡಿಯಬೇಕೆಂಬುದು ಅವನ ಕಟ್ಟುನಿಟ್ಟಿನ ನಿಯಮ. ಅದಕ್ಕೊಂದು ಕಾರಣವಿತ್ತು. ಅವರೆಲ್ಲ ಕೆನ್ನೆ ಉಬ್ಬಿಸಿಕೊಂಡು ಕುಳಿತಿರುವಾಗ ಗುರು ಮಾತ್ರ ಬಾಯಿ ತೆರೆದು ತನಗೆ ಬೇಕಾದಷ್ಟು ಗಾಳಿ ಎಳೆದುಕೊಳ್ಳುತ್ತಿದ್ದ. ಏಕೆಂದರೆ ಗುರುವಿಗೆ ಉಬ್ಬಸವಿತ್ತು.

ಈ ಸಂಗತಿ ಗೊತ್ತಿದ್ದದ್ದು ಅವನ ಹೆಂಡತಿ ಚಂದ್ರವ್ವನಿಗೆ ಮಾತ್ರ. ಗದಿಗೆಪ್ಪ ಬೈಕುಲ್ಲಾದ ಒಂದು ಒಣಮೆಣಸಿನಕಾಯಿ ಗೋದಾಮಿನಲ್ಲಿ ಮ್ಯಾನೇಜರ್. ಕೆಮ್ಮು ಬಂದರೆ, ಎದೆಯಲ್ಲಿ ಸಿಳ್ಳೆ ಹೊಡೆದರೆ, "ಖಾರದ ಘಾಟು" ಎಂದುಬಿಡುತ್ತಿದ್ದ. ವಿಜಯಪುರ ಬಿಟ್ಟು ಬಂದ ದಿನದಿಂದ ಎಲ್ಲದಕ್ಕೂ ಅದೇ ಉತ್ತರ. ಈ ಸಲದ ಮಳೆಗಾಲದಲ್ಲಿ ಮಾತ್ರ ಘಾಟು ಗೋದಾಮಿನಲ್ಲಿ ನಿಲ್ಲದೆ ಅವನ ಜತೆ ಲೋಕಲ್ ರೈಲು ಹತ್ತಿ ಮನೆಗೂ ಬರತೊಡಗಿತು. ಒಂದು ಸಂಜೆ ಸ್ಟೇಷನ್ನಿನ ಸೇತುವೆಯ ನಡುವೆ ಆತ ಕಂಬಿ ಹಿಡಿದು ನಿಂತವನು ಮುಂದೆ ಹೆಜ್ಜೆ ಇಡಲಾರದೆ ಹೋದ. ಅದನ್ನು ಕೇಳಿದ ಚಂದ್ರವ್ವ ಮರುದಿನವೇ ದವಾಖಾನೆಗೆ ಹೊರಡಿಸಿದಳು. ಬಿಲ್ಡಿಂಗಿನವರ ಕಣ್ಣಿಗೆ ಬೀಳಬಾರದೆಂದು ಗದಿಗೆಪ್ಪ ರೈಲು ಹಳಿಯ ಆಚೆ ಬದಿಯ ದವಾಖಾನೆಯನ್ನೇ ಆರಿಸಿಕೊಂಡ.

ಅಲ್ಲಿದ್ದವರು ಡಾಕ್ಟರ್ ವೈಶಾಲಿ, ಬೆಳಗಾವಿ ಕಡೆಯವರು. ಎದೆಗೆ ಸ್ಟೆಥಾಸ್ಕೋಪ್ ಇಟ್ಟು, ಒಂದು ಕೊಳವೆಯೊಳಗೆ ಜೋರಾಗಿ ಊದಿಸಿ ನೋಡಿ, ಸುಮ್ಮನೆ ತಲೆಯಾಡಿಸಿದರು.

"ಕಾಕಾ, ಇದು ಆಸ್ತಮಾ ಐತಿ. ಘಾಟು ಅಂತ ಹೆಸರಿಟ್ರ ಅದೇನ ಕಡಿಮಿ ಆಗಂಗಿಲ್ಲ. ದಿನಾ ಸಂಜೀಕ ಒಂದು ಗುಳಿಗಿ ತಗೋರಿ. ಆರಾಮ ಅನಿಸಿದ್ರೂ ಬಿಡಬ್ಯಾಡ್ರಿ. ಒಂದಿನ ಮರೆತ್ರಿ ಅಂತ ಮರುದಿನ ಎರಡು ನುಂಗಬ್ಯಾಡ್ರಿ. ಮತ್ತ ನೋಡ್ರಿ, ಉಸುರು ಸಿಕ್ಕಿಕೊಂಡಾಗ ಈ ಗುಳಿಗಿ ಕೆಲಸ ಮಾಡಂಗಿಲ್ಲ. ಅದಕ್ಕ ಬಾಯಿಗಿಟ್ಟು ಎಳಕೊಳ್ಳೋ ಈ ಪಂಪ್. ಇದು ಯಾವಾಗ್ಲೂ ಕಿಸೆದಾಗ ಇರಬೇಕು."

ಆಮೇಲೆ ಚಂದ್ರವ್ವನ ಕಡೆ ತಿರುಗಿ, "ಕಾಕು, ನಿಮಗೊಂದು ಕೆಲಸ. ಕೆಲವ್ರಿಗೆ ಈ ಗುಳಿಗಿಯಿಂದ ಕೆಟ್ಟ ಕನಸು ಬೀಳ್ತಾವು, ಸ್ವಭಾವ ಬದಲಾಗ್ತೈತಿ. ಸುಮ್ಮಸುಮ್ಮನ ಸಿಟ್ಟು, ಬ್ಯಾಸರ, ಗಾಬರಿ. ಎಲ್ಲರಿಗೂ ಆಗಂಗಿಲ್ಲ. ಆದ್ರ ಹಂಗೇನರ ಕಂಡ್ರ ತಡಾ ಮಾಡದ ನನಗ ಫೋನ್ ಮಾಡ್ರಿ" ಎಂದರು.

ಇಷ್ಟು ಮಾತಿನಲ್ಲಿ ಗಂಡಹೆಂಡಿರಿಬ್ಬರೂ ಮನೆಯವರೆಗೆ ಹೊತ್ತು ತಂದದ್ದು ಕೊನೆಯದೊಂದನ್ನೇ. ರಿಕ್ಷಾದಲ್ಲಿ ಗದಿಗೆಪ್ಪ, "ಸ್ವಭಾವ ಬದಲಾಗ್ತದಂತ" ಎಂದ. "ಹೂಂ" ಎಂದಳು ಚಂದ್ರವ್ವ.

ಅಂಥ ಗುಳಿಗೆಯನ್ನು ಯಾವುದೋ ಒಂದು ದಿನ ಶುರುಮಾಡಲಾದೀತೇ? ಶ್ರಾವಣ ಮಾಸ. ಸೋಮವಾರ ಹತ್ತಿರವಿತ್ತು. ಸೋಮವಾರ ಸಂಜೆಯ ಪೂಜೆಯಲ್ಲಿ ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ನುಂಗುವುದೆಂದು ಗದಿಗೆಪ್ಪ ನಿಶ್ಚಯಿಸಿದ. ಇದರಲ್ಲಿ ಅವನದೇನೂ ತಪ್ಪಿಲ್ಲ. ಲಿಂಗಕ್ಕೆ ತೋರಿಸದೆ ಆತ ಬಾಯಿಗೆ ಏನನ್ನೂ ಹಾಕಿದವನಲ್ಲ. ಗೋದಾಮಿನಲ್ಲಿ ಅರ್ಧ ಕಪ್ಪು ಚಹಾ ಬಂದರೂ ಅಂಗಿಯ ಮೇಲಿಂದಲೇ ಕೊರಳ ಲಿಂಗವನ್ನು ಮುಟ್ಟಿಕೊಂಡು, ಕಣ್ಣು ಮುಚ್ಚಿ ತೆರೆದೇ ಕುಡಿಯುವವನು. ಹಾಗಿರುವಾಗ ಸ್ವಭಾವವನ್ನೇ ಬದಲಿಸುವ ಗುಳಿಗೆಯನ್ನು ದೇವರ ಗಮನಕ್ಕೆ ತಾರದೆ ನುಂಗುವುದು ಹೇಗೆ?

ಶ್ರಾವಣ ಸೋಮವಾರವೆಂದರೆ ಗದಿಗೆಪ್ಪನ ಮನೆಗೆ ಬಿಲ್ಡಿಂಗಿನ ಕನ್ನಡದವರು ಪ್ರಸಾದಕ್ಕೆ ಬರುವುದು ವಾಡಿಕೆ. ಸೊಸೈಟಿಯ ಸೆಕ್ರೆಟರಿ ನೀಲಕಂಠಪ್ಪ ಬಂದ. ಎರಡನೆಯ ಮಹಡಿಯ ಚಂಪಾ ಬಂದಳು. ಆಕೆ ಉಡುಪಿ ಕಡೆಯವಳು, ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದ. ದಾದರಿನಲ್ಲಿ ಬಟ್ಟೆ ಅಂಗಡಿಯಿಟ್ಟ ಪರಪ್ಪ ಬಂದ. ಮೂವರೂ ಟೆರೇಸಿನ ಶಿಷ್ಯರೇ. ಗದಿಗೆಪ್ಪ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತ. ಎದುರಿನ ಹಿತ್ತಾಳೆ ತಟ್ಟೆಯಲ್ಲಿ ಪುಠಾಣಿ, ಅಂದರೆ ಹುರಿಗಡಲೆ, ಮತ್ತು ಸಕ್ಕರೆಯ ರಾಶಿ. ಅದರ ಅಂಚಿಗೆ ಯಾರಿಗೂ ತಿಳಿಯದ ಹಾಗೆ ಗುಳಿಗೆಯೊಂದನ್ನು ಸರಿಸಿಟ್ಟ. ಗುಳಿಗೆಯ ಬಣ್ಣ ಪುಠಾಣಿಯದೇ. ಇದನ್ನು ಅವನು ಮೊದಲೇ ಯೋಚಿಸಬೇಕಿತ್ತು. ಆದರೆ ಅಷ್ಟರಲ್ಲಿ ಗುರುಗಳ ಕಣ್ಣು ಮುಚ್ಚಿದ್ದವು.

ಕಣ್ಣು ತೆರೆದಾಗ ತಟ್ಟೆ ಅಲ್ಲಿರಲಿಲ್ಲ. ಚಂಪಾ ಅದನ್ನೆತ್ತಿಕೊಂಡು, "ತಕೊಳ್ಳಿ, ತಕೊಳ್ಳಿ, ಎಂತ ನಾಚಿಕೆ" ಎಂದು ಎಲ್ಲರಿಗೂ ಹಂಚಿ ಮುಗಿಸಿದ್ದಳು. ಗದಿಗೆಪ್ಪನ ಕೈಗೂ ಒಂದು ಮುಷ್ಟಿ ಬಿತ್ತು. ಎಲ್ಲರೂ ನೋಡುತ್ತಿದ್ದರು, ಆತ ತಿಂದ. ತಟ್ಟೆಯ ತಳದಲ್ಲಿ ನಾಲ್ಕು ಹರಳು ಸಕ್ಕರೆಯ ಹೊರತು ಏನೂ ಉಳಿದಿರಲಿಲ್ಲ.

"ಪ್ರಸಾದ ಹೆಂಗಿತ್ತು?" ಎಂದು ಕೇಳಿದ ಗದಿಗೆಪ್ಪ.

"ಛಲೋ ಇತ್ತ್ರಿ ಗುರೂಜಿ" ಎಂದ ಪರಪ್ಪ. "ಒಂದು ಕಾಳು ಭಾಳ ಗಟ್ಟಿ ಇತ್ತು, ಹಂಗ ನುಂಗಿಬಿಟ್ಟೆ."

ನೀಲಕಂಠಪ್ಪ ಎಂದಿನಂತೆ ಮುಖ ಗಂಟಿಕ್ಕಿಕೊಂಡು, ಪ್ರಸಾದವನ್ನು ಅಗಿಯದೆ ಬಾಯಿಯೊಳಗೆ ಅತ್ತಿತ್ತ ಹೊರಳಿಸುತ್ತ ಹೋದ. ಚಂಪಾ ಮೆಟ್ಟಿಲಿಳಿಯುವವರೆಗೂ ಮಾತಾಡುತ್ತಲೇ ಇದ್ದಳು. ಬಾಗಿಲು ಹಾಕಿದ ಕೂಡಲೇ ಗದಿಗೆಪ್ಪ ಅಡಿಗೆಮನೆಗೆ ಓಡಿದ.

"ಚಂದ್ರವ್ವಾ, ಗುಳಿಗಿ ಯಾರೋ ತಿಂದಾರ!"

"ಹೋಗ್ಲಿ ಬಿಡ್ರಿ" ಎಂದಳು ಚಂದ್ರವ್ವ, ತಟ್ಟೆ ತೊಳೆಯುತ್ತ. "ನೀವು ಇನ್ನೊಂದು ತಗೋರಿ."

"ಇನ್ನೊಂದು ಹೆಂಗ ತಗೊಳ್ಳಿ? ನಾನೂ ಒಂದು ಮುಷ್ಟಿ ತಿಂದೀನಿ. ಅದರಾಗ ಹೋಗಿದ್ರ? ಎರಡು ಆದ್ವು! ಡಾಕ್ಟರಬಾಯಿ ಏನಂದಾಳ?"

"ನಿಮ್ಮ ಮುಷ್ಟಿಯೊಳಗ ಇದ್ದಿಲ್ಲರಿ ಅದು. ನಾ ಹೇಳ್ತೀನಿ ಕೇಳ್ರಿ..."

"ಸಣ್ಣಗ ಮಾತಾಡು! ಗುರೂಜಿಗೆ ಆಸ್ತಮಾ ಅಂತ ಬಿಲ್ಡಿಂಗಿಗೆಲ್ಲ ಕೇಳಸೂದಾದ್ರ ಟೆರೇಸ್ ಮ್ಯಾಲ ನಾ ಹೆಂಗ ಕೂಡ್ಲಿ?"

ಚಂದ್ರವ್ವ ಬಾಯಿ ಮುಚ್ಚಿಕೊಂಡಳು. ಆ ಸಂಜೆ ಗುಳಿಗೆ ತಪ್ಪಿತು.

ಮರುದಿನ ಬೆಳಿಗ್ಗೆ ಗದಿಗೆಪ್ಪ ಕೆಲಸಕ್ಕೆ ಹೊರಟಾಗ ಕೆಳಗೆ ನೀರಿನ ಪಂಪಿನ ಕೋಣೆಯ ಹತ್ತಿರ ನೀಲಕಂಠಪ್ಪ ನಿಂತಿದ್ದ. ಈ ನೀಲಕಂಠಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಸೊಸೈಟಿ ಹುಟ್ಟಿದಾಗಿನಿಂದ ಆತ ನಕ್ಕದ್ದನ್ನು ಕಂಡವರಿಲ್ಲ. ತನ್ನ ಮಗನ ಮದುವೆಯ ಫೋಟೋದಲ್ಲಿಯೂ ಆತ ನೀರು ಬಿಟ್ಟು ಹಾಳುಮಾಡಿದವರನ್ನು ಹಿಡಿದುತಂದವನ ಹಾಗೆ ನಿಂತಿದ್ದಾನೆ. ಅವನ ಮೌನ ಮುರಿಯಲೆಂದು ಗದಿಗೆಪ್ಪ, "ಅಣ್ಣಾರ, ನಿನ್ನಿ ಟಾಕಿ ತುಂಬಿ ಹರೀತಲ್ರಿ" ಎಂದ. ಬೇರೆ ದಿನವಾಗಿದ್ದರೆ ಈ ಒಂದು ಮಾತಿಗೆ ಬೈಗುಳ ಮೂರನೆಯ ಮಹಡಿಗೆ ಕೇಳಿಸಬೇಕಿತ್ತು.

ನೀಲಕಂಠಪ್ಪ ನಕ್ಕ.

ಸಣ್ಣ ನಗುವಲ್ಲ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಕಾಣುವ ನಗು. ನಕ್ಕವನು ನಗುತ್ತಲೇ ಇದ್ದ. ಬಾಯಿ ಮುಚ್ಚಲಿಲ್ಲ, ಒಂದು ಮಾತೂ ಆಡಲಿಲ್ಲ. ಕಣ್ಣುಗಳು ಮಾತ್ರ ಗದಿಗೆಪ್ಪನನ್ನು ನುಂಗುವ ಹಾಗೆ ನೋಡುತ್ತಿದ್ದವು. ಗದಿಗೆಪ್ಪ ಆ ದಿನದ ಲೋಕಲ್ ಬಿಟ್ಟು ಮೆಟ್ಟಿಲು ಹತ್ತಿ ಮನೆಗೆ ಓಡಿದ. ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಎದೆಯಲ್ಲಿ ಸಿಳ್ಳೆ ಶುರುವಾಗಿತ್ತು.

"ನಕ್ಕ! ನೀಲಕಂಠಪ್ಪ ನಕ್ಕ! ಗುಳಿಗಿ ಅವನ ಹೊಟ್ಟ್ಯಾಗ ಹೋಗೇದ!"

ಚಂದ್ರವ್ವನ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ಒಂದ ಗುಳಿಗಿಗೆ ಹಂಗ ಆಗ್ತದೇನ್ರಿ?"

"ಆಗೇದ! ನಾ ಕಣ್ಣಾರೆ ನೋಡೀನಿ. ಒಂದ ಗುಳಿಗಿ, ಒಂದ ರಾತ್ರಿ, ನೀಲಕಂಠಪ್ಪನಂಥಾವ ಹಲ್ಲು ಕಿಸಿದು ನಿಂತಾನ. ಇದು ಹುಚ್ಚಲ್ದ ಇನ್ನೇನು? ನಾ ದಿನಾ ಒಂದು ನುಂಗಿದ್ರ ನನ್ನ ಗತಿ ಏನು?"

"ಹುಚ್ಚ ಹಿಡೀತದೇನ್ರಿ ಹಂಗಾರ?" ಚಂದ್ರವ್ವನ ದನಿ ಸಣ್ಣಗಾಗಿತ್ತು.

"ಹಿಡೀತದಂತ ಏನ ಕೇಳ್ತಿ, ಹಿಡದದ!" ಎಂದು ಗದಿಗೆಪ್ಪ ಗುಳಿಗೆಯ ಹಾಳೆಯನ್ನು ಅಕ್ಕಿ ಡಬ್ಬಿಯ ತಳಕ್ಕೆ ತುರುಕಿದ. ಡಾಕ್ಟರಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನ್ ಮಾಡಿದರೆ ಗುಳಿಗೆ ಎಲ್ಲಿ ಹೋಯಿತೆಂದು ಆಕೆ ಕೇಳುತ್ತಾಳೆ. ಹೇಳಿದರೆ ಪೊಲೀಸರು ಬರುತ್ತಾರೆಂದು ಗದಿಗೆಪ್ಪನ ಲೆಕ್ಕ.

ಆ ದಿನದಿಂದ ಆತ ಬಿಲ್ಡಿಂಗಿನ ಮುಖಗಳನ್ನು ಕಾಯತೊಡಗಿದ. ಮರುದಿನ ಚಂಪಾ ಮೆಟ್ಟಿಲಲ್ಲಿ ಎದುರಾದಳು. ಚಂಪಾ ಎದುರಾದರೆ ಕನಿಷ್ಠ ಅವಳ ನಾದಿನಿಯ ಬಾಣಂತನದವರೆಗಿನ ಸುದ್ದಿ ಕೇಳದೆ ಯಾರೂ ಪಾರಾಗಿದ್ದಿಲ್ಲ. ಅಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಗೆ ಒತ್ತಿಕೊಂಡು ನಿಂತಳು. ಭುಜಗಳು ಅದುರುತ್ತಿದ್ದವು, ಕಣ್ಣಲ್ಲಿ ನೀರು.

"ಯಾಕ್ರಿ ಚಂಪಾಬಾಯಿ, ಆರಾಮದೀರಲ್ಲಾ?"

ಚಂಪಾ ಕೈ ಅಲ್ಲಾಡಿಸಿದಳು. ಕೆಳಗಿನಿಂದ ನೀಲಕಂಠಪ್ಪನ ಚಪ್ಪಲಿ ಸದ್ದು ಕೇಳಿಸುತ್ತಲೇ ಆಕೆ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಬಂದ ಸದ್ದು ಅಳುವೋ ಬಿಕ್ಕಳಿಕೆಯೋ ಗದಿಗೆಪ್ಪನಿಗೆ ತಿಳಿಯಲಿಲ್ಲ.

ಇನ್ನು ಪರಪ್ಪ. ಅವನೂ ಗದಿಗೆಪ್ಪನೂ ಒಂದೇ ಲೋಕಲಿನಲ್ಲಿ ಹೋಗುವವರು. ಕಿಟಕಿಯ ಜಾಗ ಸಿಕ್ಕರೂ ಪರಪ್ಪ ಕೂರಲಿಲ್ಲ. ಕಣ್ಣು ಕೆಂಪಾಗಿದ್ದವು.

"ನಿದ್ದಿ ಇಲ್ರಿ ಗುರೂಜಿ" ಎಂದ. "ಕಣ್ಣು ಮುಚ್ಚಿದ್ರ ಸಾಕು, ಕೆಟ್ಟ ಕನಸು. ಬರೇ ಹಲ್ಲು. ಹಲ್ಲು ನನ್ನ ಬೆನ್ನ ಹತ್ತತಾವ."

ಗದಿಗೆಪ್ಪನ ಕೈ ಮೇಲಿನ ಹಿಡಿಕೆಯಿಂದ ಜಾರಿತು. ಕೆಟ್ಟ ಕನಸು! ಡಾಕ್ಟರು ಹೇಳಿದ ಮಾತು ಅಕ್ಷರಶಃ ಅದೇ.

ಈಗ ಒಂದು ತೊಡಕು ಬಂತು. ಗುಳಿಗೆ ಒಂದು, ತಲೆ ಕೆಟ್ಟವರು ಮೂವರು. ಆದರೆ ಹೆದರಿದ ಮನುಷ್ಯನ ತಲೆ ಎಂಥ ತೊಡಕನ್ನೂ ಬಿಡಿಸಬಲ್ಲದು. ಕುರ್ಲಾ ದಾಟುವಷ್ಟರಲ್ಲಿ ಗದಿಗೆಪ್ಪನಿಗೆ ಎಲ್ಲ ಸ್ಪಷ್ಟವಾಯಿತು. ಚಂಪಾ ತಟ್ಟೆಯಲ್ಲಿ ಕೈಯಾಡಿಸುವಾಗ ಗುಳಿಗೆ ಪುಡಿಯಾಗಿದೆ. ಪುಡಿ ಸಕ್ಕರೆಗೆ ಅಂಟಿದೆ. ನಗುವಿನ ಭಾಗ ನೀಲಕಂಠಪ್ಪನಿಗೆ, ಅಳುವಿನ ಭಾಗ ಚಂಪಾಗೆ, ಕನಸಿನ ಭಾಗ ಪರಪ್ಪನಿಗೆ ಹೋಗಿದೆ. ಹಾಗಿದ್ದರೆ ತನ್ನ ಮುಷ್ಟಿಯಲ್ಲಿ ಬಂದದ್ದು ಯಾವ ಭಾಗ? ಸಿಟ್ಟಿನ ಭಾಗವೇ ಇರಬೇಕು. ಅಂದು ಗೋದಾಮಿನಲ್ಲಿ ಆತ ಯಾರ ಮೇಲೂ ಸಿಟ್ಟಾಗದಂತೆ ಸಂಜೆಯವರೆಗೂ ಕೈಮುಗಿದುಕೊಂಡೇ ಕೆಲಸ ಮಾಡಿದ. ಹಮಾಲರು ಗಾಬರಿಯಾದರು.

ಇಷ್ಟರ ನಡುವೆ ಘಾಟು ತನ್ನ ಕೆಲಸವನ್ನು ತಾನು ಮಾಡುತ್ತಿತ್ತು. ಮೊದಲು ಮೆಟ್ಟಿಲಲ್ಲಿ ಹಿಡಿದದ್ದು ಈಗ ಸ್ನಾನ ಮಾಡುವಾಗಲೂ ಹಿಡಿಯತೊಡಗಿತು. ಮಲಗಿದರೆ ಎದೆಯ ಮೇಲೆ ಚೀಲ ಇಟ್ಟ ಹಾಗಾಗುತ್ತಿತ್ತು, ಎದ್ದು ಗೋಡೆಗೊರಗಿ ಕೂರುತ್ತಿದ್ದ. ಪಂಪ್ ಕೂಡ ಅದೇ ಡಾಕ್ಟರು ಕೊಟ್ಟದ್ದು, ಅದರೊಳಗೆ ಇನ್ನೇನಿದೆಯೋ ಎಂದು ಅದನ್ನು ಮುಟ್ಟದೆ ಒಂದು ಪ್ಯಾಂಟಿನ ಕಿಸೆಯಲ್ಲಿ ಬಿಟ್ಟಿದ್ದ. ಚಂದ್ರವ್ವ ಒಂದೆರಡು ಸಲ, "ಗುಳಿಗಿ ತಗೋರೀ, ಏನೂ ಆಗಂಗಿಲ್ಲ. ನನಗ ಗೊತ್ತದ" ಎಂದಳು. "ನಿನಗೇನ ಗೊತ್ತದ? ನೀ ಏನ ನೋಡೀದಿ? ನಾ ಇಡೀ ಬಿಲ್ಡಿಂಗ್ ನೋಡಾಕತ್ತೀನಿ" ಎಂದು ಗದಿಗೆಪ್ಪ ಅವಳ ಬಾಯಿ ಮುಚ್ಚಿಸಿದ. ಆ ವಾರ ಚಹಾದಲ್ಲಿ ಒಮ್ಮೆ ಉಪ್ಪು ಬಿತ್ತು, ರೊಟ್ಟಿ ದಿನಾ ಸೀದವು. ಗದಿಗೆಪ್ಪ ಅದನ್ನು ತಿಂದ. ಅವನ ಗಮನವೆಲ್ಲ ಕಿಟಕಿಯ ಹೊರಗಿತ್ತು.

ಭಾನುವಾರ ಬಂತು. ಪಾಠ ತಪ್ಪಿಸಿದರೆ ಸಂಶಯ ಬರುತ್ತದೆಂದು ಗದಿಗೆಪ್ಪ ಶಾಲು ಹೊದ್ದು ಟೆರೇಸ್ ಹತ್ತಿದ. ಪ್ರತಿ ತಿರುವಿನಲ್ಲೂ ನಿಂತು ಗೋಡೆಯ ಬಣ್ಣ ಪರೀಕ್ಷಿಸುವವನಂತೆ ಸುಧಾರಿಸಿಕೊಂಡ. ಮೇಲೆ ಮೂವರೂ ಕಾದಿದ್ದರು. ನೀಲಕಂಠಪ್ಪ ಹಲ್ಲು ಬಿಟ್ಟುಕೊಂಡು, ಚಂಪಾ ಸೆರಗು ಕಚ್ಚಿಕೊಂಡು ಅವನಿಗೆ ಬೆನ್ನು ಮಾಡಿ, ಪರಪ್ಪ ಇಬ್ಬರಿಂದಲೂ ದೂರ ಮೂಲೆಯಲ್ಲಿ.

"ಕಣ್ಣು ಮುಚ್ಚರಿ" ಎಂದ. "ಎಳಕೋರಿ... ಹಿಡೀರಿ..."

ಮುಂದಿನ ಮಾತು ಹೊರಡಲಿಲ್ಲ. ಗಾಳಿ ಒಳಗೆ ಹೋಗಲಿಲ್ಲ, ಇದ್ದದ್ದು ಹೊರಗೂ ಬರಲಿಲ್ಲ. ಗದಿಗೆಪ್ಪ ಎರಡೂ ಕೈಗಳನ್ನು ಚಾಪೆಗೆ ಊರಿ ಮುಂದಕ್ಕೆ ಬಾಗಿದ. ಎದೆಯಿಂದ ತೆಳ್ಳನೆಯ ಸಿಳ್ಳೆಯೊಂದೇ ಕೇಳಿಸುತ್ತಿತ್ತು.

ಶಿಷ್ಯರು ಮಾತ್ರ ಆಜ್ಞೆ ಮೀರುವವರಲ್ಲ. 'ಬಿಡ್ರಿ' ಎನ್ನುವವರೆಗೆ ಬಿಡಬಾರದು. ಮೂವರೂ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕುಳಿತೇ ಇದ್ದರು. ನೀಲಕಂಠಪ್ಪನ ಕಿವಿ ಕೆಂಪಾದವು. ಪರಪ್ಪನ ಹಣೆಯ ನರ ಉಬ್ಬಿತು. ಕೊನೆಗೆ ಚಂಪಾ ತಡೆಯಲಾರದೆ ಭುಸ್ ಎಂದು ಬಿಟ್ಟು ಕಣ್ಣು ತೆರೆದಳು.

"ಗುರೂಜಿ ಹೊಸ ಆಸನ ಮಾಡ್ತಿದ್ದಾರೆ!" ಎಂದಳು.

ಮೂವರೂ ಚಾಪೆಗೆ ಕೈಯೂರಿ ಮುಂದಕ್ಕೆ ಬಾಗಿದರು. ಪರಪ್ಪ ಬಾಯಿಂದ ಸಿಳ್ಳೆಯ ಸದ್ದು ಮಾಡಲೂ ನೋಡಿದ.

ಆಗಲೇ ಟೆರೇಸಿನ ಬಾಗಿಲು ಬಡಿಯಿತು. ಬಟ್ಟೆ ಒಗೆಯಲು ಹಾಕುವ ಮೊದಲು ಪ್ಯಾಂಟಿನ ಕಿಸೆ ತಡವಿದ ಚಂದ್ರವ್ವನ ಕೈಗೆ ಪಂಪ್ ಸಿಕ್ಕಿತ್ತು. ಅದನ್ನು ಹಿಡಿದುಕೊಂಡು ಒದ್ದೆ ಕೈಯಲ್ಲೇ ಓಡಿಬಂದಿದ್ದಳು. "ಆಸನ ಅಲ್ರೋ ಇದು! ಅವರಿಗೆ ಆಸ್ತಮಾ ಅದ, ಆಸ್ತಮಾ!" ಎಂದು ಭಾಂಡುಪ್ ಸ್ಟೇಷನ್ನಿಗೆ ಕೇಳಿಸುವಂತೆ ಕೂಗಿದಳು. ಗಂಡನನ್ನು ನೆಟ್ಟಗೆ ಕೂರಿಸಿ, ಪಂಪನ್ನು ಅಲುಗಾಡಿಸಿ, ಬಾಯಿಗಿಟ್ಟು ಒತ್ತಿದಳು. "ಎಳಕೋರಿ... ಹಿಡೀರಿ... ಬಿಡ್ರಿ. ಇನ್ನೊಮ್ಮೆ ಎಳಕೋರಿ." ಗುರು ಜೀವನದಲ್ಲಿ ಮೊದಲ ಸಲ ಆ ಪಾಠವನ್ನು ನಿಯತ್ತಿನಿಂದ ಮಾಡಿದ.

ಸ್ವಲ್ಪ ಹೊತ್ತಿಗೆ ಗಾಳಿ ಒಳಗೆ ಹೋಗತೊಡಗಿತು. ಆದರೂ ಮಾತು ಪೂರ್ತಿಯಾಗಿ ಹೊರಡುತ್ತಿರಲಿಲ್ಲ. ನೀಲಕಂಠಪ್ಪ ಮತ್ತು ಪರಪ್ಪ ಅವನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಎರಡು ರಿಕ್ಷಾಗಳಲ್ಲಿ ಎಲ್ಲರೂ ಹಳಿಯಾಚೆಯ ದವಾಖಾನೆಗೆ ಹೋದರು.

ಡಾಕ್ಟರ್ ವೈಶಾಲಿ ಮೊದಲು ಗದಿಗೆಪ್ಪನ ಮೂಗಿಗೆ ಮಾಸ್ಕ್ ಹಾಕಿ ಹೊಗೆಯಂಥ ಔಷಧಿ ಕೊಟ್ಟರು. ಅವನ ಮುಖದ ಬಣ್ಣ ತಿರುಗಿದ ಮೇಲೆ ಎದುರು ಕುಳಿತರು.

"ಗುಳಿಗಿ ದಿನಾ ತಗೊಂಡ್ರಿಲ್ಲೋ ಕಾಕಾ?"

"ಒಂದೂ ಇಲ್ರಿ" ಎಂದ ಗದಿಗೆಪ್ಪ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪುಠಾಣಿ, ತಟ್ಟೆ, ನಗು, ಅಳು, ಕನಸು ಎಲ್ಲವನ್ನೂ ಹೇಳಿ ಮುಗಿಸಿ, ಮೂವರಿಗೂ ಕೈಮುಗಿದ. "ನನ್ನಿಂದ ನಿಮಗೆಲ್ಲಾರಿಗೂ ಹುಚ್ಚ ಹಿಡೀತು. ಕ್ಷಮಾ ಮಾಡ್ರಿ."

ನೀಲಕಂಠಪ್ಪ ಎದ್ದು ನಿಂತ. ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟುಗಳೆರಡನ್ನೂ ಕಿತ್ತು ಡಾಕ್ಟರ ಮೇಜಿನ ಮೇಲಿಟ್ಟ. ಇಷ್ಟು ದಿನದ ಮೇಲೆ ಅವನ ತುಟಿಗಳು ಒಂದನ್ನೊಂದು ಮುಟ್ಟಿದವು.

"ನಗೂ ಅಲ್ಲೋ ಮಾರಾಯಾ ಅದು! ಹೊಸಾ ಹಲ್ಲು! ಹಾಕ್ಕೊಂಡ್ರ ಬಾಯಿ ಮುಚ್ಚಾಕ ಬರವಲ್ದು, ಮಾತಾಡಾಕ ಬರವಲ್ದು. ನಿನಗ ಬೈಯಾಕ ಒಂದು ವಾರದಿಂದ ಒದ್ದಾಡಾಕತ್ತೀನಿ! ಇದನ್ನ ಮಾಡಿಕೊಟ್ಟಾವ ಈ ಪರಪ್ಪನ ಷಡ್ಡಕ!"

"ಅದಕ್ಕ ನನಗ ನಿದ್ದಿ ಇಲ್ರಿ" ಎಂದ ಪರಪ್ಪ ತಲೆ ತಗ್ಗಿಸಿ. "ಇವರು ದಿನಾ ನನ್ನ ಬಾಗಿಲಕ್ಕ ಬಂದು ಹಲ್ಲು ತೋರಿಸಿ ಹೋಗ್ತಾರ."

ಚಂಪಾ ಸೆರಗು ಬಿಟ್ಟಳು. ಇಡೀ ವಾರ ಹಿಡಿದಿಟ್ಟ ನಗು ದವಾಖಾನೆಯ ಗಾಜು ಅದುರುವಂತೆ ಹೊರಬಂತು. "ಬಾಯಿ ಬಿಟ್ಟರೆ ನಗು ಬರ್ತದೆ ಮಾರಾಯ್ರೆ, ಸೆಕ್ರೆಟರಿಯ ಎದುರು ಹೇಗೆ ನಗುದು? ನೀರು ನಿಲ್ಲಿಸಿಬಿಟ್ಟರೆ!"

ಗದಿಗೆಪ್ಪ ಮಿಕಿಮಿಕಿ ನೋಡಿದ. ಹಾಗಾದರೆ ಯಾರಿಗೂ ಏನೂ ಆಗಿಲ್ಲ. ನಿರಾಳವಾಗಬೇಕೆನ್ನುವಷ್ಟರಲ್ಲಿ ಡಾಕ್ಟರು ಕೇಳಿದರು.

"ಮತ್ತ ಆ ಗುಳಿಗಿ ಯಾರು ತಗೊಂಡ್ರು? ನಗೋ ಮಾತಲ್ಲ ಇದು. ಒಬ್ಬರ ಔಷಧ ಇನ್ನೊಬ್ಬರು ನುಂಗೂದು ಛಲೋ ಅಲ್ಲ."

ಪರಪ್ಪ ತನ್ನ ಗಟ್ಟಿ ಕಾಳನ್ನು ನೆನೆದು ಹೊಟ್ಟೆ ಮುಟ್ಟಿಕೊಂಡ.

"ನಾನು" ಎಂದಳು ಬಾಗಿಲ ಬಳಿ ನಿಂತಿದ್ದ ಚಂದ್ರವ್ವ.

ಚಂಪಾಳ ನಗು ನಿಂತಿತು.

"ಇವರು ಕಣ್ಣು ಮುಚ್ಚಿದಾಗ ತಟ್ಟಿಯಿಂದ ತಗೊಂಡು ನುಂಗಿದೆ" ಎಂದಳು ನೆಲ ನೋಡುತ್ತ. "ನೀವು ಹೇಳಿದ್ರಲ್ಲಾ ಡಾಕ್ಟರಬಾಯಿ, ಸ್ವಭಾವ ಬದಲಾಗ್ತದ ಅಂತ. ಮೊದಲ ನನಗ ಏನಾಗ್ತದ ನೋಡೂಣು, ಆಮ್ಯಾಲ ಇವರಿಗೆ ಕೊಟ್ರಾತು ಅಂದ್ಕೊಂಡೆ. ಲಿಂಗಕ್ಕ ಅರ್ಪಿಸಿದ್ದು, ನನಗೇನೂ ಕೆಡಕು ಮಾಡಂಗಿಲ್ಲ ಅಂತ ಧೈರ್ಯ ಇತ್ತು. ಇವರಿಗೆ ಹೇಳಾಕ ಹೋದ್ರ ಹೇಳಗೊಡಲಿಲ್ಲ. ಮರುದಿನ ಮುಂಜಾನೆ ಬಂದು, ಒಂದ ಗುಳಿಗಿಗೆ ಹುಚ್ಚ ಹಿಡೀತದ ಅಂತ ಇವರ ಹೇಳಿದ್ರು."

"ಅವಾಗರ ಹೇಳಬೇಕಿಲ್ಲೋ?" ಎಂದ ಗದಿಗೆಪ್ಪ.

"ಹೆದರಿಕಿ ಬಂತ್ರಿ. ಹುಚ್ಚ ಹಿಡದ್ರ ಹಿಡೀಲಿ, ನಿಮಗ ಗೊತ್ತಾಗೂದು ಬ್ಯಾಡ ಅಂತ ಸುಮ್ಮನಾದೆ. ಮಲಗಿದ್ರ ಕನಸು ಬಿದ್ದಾವಂತ ಮಲಗಲಿಲ್ಲ. ನನ್ನ ಮಾತು ಹುಚ್ಚರ ಮಾತಿನಂಗ ಆಗೇದೇನೋ ಅಂತ ಒಬ್ಬಾಕಿನ ಅಡಗಿಮನ್ಯಾಗ ಮಾತಾಡಿ ನೋಡ್ಕೊಳ್ತಿದ್ದೆ."

ಡಾಕ್ಟರು ಎದ್ದು ಬಂದು ಚಂದ್ರವ್ವನನ್ನು ಕುರ್ಚಿಯ ಮೇಲೆ ಕೂರಿಸಿದರು. ನಾಡಿ ನೋಡಿದರು, ಮೈಮೇಲೆ ದದ್ದೇನಾದರೂ ಎದ್ದಿತ್ತೇ ಎಂದು ಕೇಳಿದರು.

"ಕೆಟ್ಟ ಕನಸು ಬಿದ್ದ್ವೇನು ಕಾಕು?"

"ನಿದ್ದಿ ಬಂದ್ರಲ್ಲರೀ ಕನಸು ಬೀಳೂದು."

"ಸಿಟ್ಟು ಬಂತೇನು?"

"ಬಂದದರಿ" ಎಂದಳು ಚಂದ್ರವ್ವ ಗಂಡನನ್ನೇ ನೋಡುತ್ತ. "ಗುಳಿಗಿಯಿಂದ ಬಂದದ್ದಲ್ಲ ಅದು."

ಚಂದ್ರವ್ವನಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರು. ಇನ್ನೊಮ್ಮೆ ಹೀಗೆ ಮಾಡಿದರೆ ಮಾತ್ರ ತಾವೇ ಸಿಟ್ಟಾಗುವುದಾಗಿಯೂ ಹೇಳಿದರು. ಆಮೇಲೆ ಗದಿಗೆಪ್ಪನಿಗೆ ಬೆರಳು ತೋರಿಸಿದರು. "ದೇವರಿಗೆ ತೋರಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಹಾಳಿಯಿಂದ ಗುಳಿಗಿ ಬಿಚ್ಚೂದು ಮಾತ್ರ ಬಾಯಾಗ ಹಾಕ್ಕೊಳ್ಳೋ ಹೊತ್ತಿಗೆ. ಅನುಮಾನ ಬಂದ್ರ ನನಗ ಕೇಳ್ರಿ. ಸೆಕ್ರೆಟರಿ ಮುಖಾ ನೋಡಿ ಔಷಧ ಬಿಡಬ್ಯಾಡ್ರಿ."

ಅಂದು ಸಂಜೆ ಗದಿಗೆಪ್ಪನ ಮನೆಯಲ್ಲಿ ಶ್ರಾವಣ ಸೋಮವಾರಕ್ಕಿಂತ ಹೆಚ್ಚು ಜನ. ಗುರೂಜಿಯ ಸ್ವಭಾವ ಹೇಗೆ ಬದಲಾಗುತ್ತದೆಂದು ನೋಡದೆ ಬಿಡುವವರಾರು? ಚಂಪಾ ಎಲ್ಲರಿಗಿಂತ ಮುಂದೆ ಕುಳಿತಿದ್ದಳು. ನೀಲಕಂಠಪ್ಪ ಹಲ್ಲಿಲ್ಲದೆ ಬಂದು, ಗಂಟಿಕ್ಕಿದ ಮುಖದಿಂದ ಎಲ್ಲರಿಗೂ ಸಮಾಧಾನ ತಂದ. ಏನಾದರೂ ಆದೀತೆಂದು ಪರಪ್ಪ ಡಾಕ್ಟರ ನಂಬರು ಒತ್ತಿ ಫೋನ್ ಹಿಡಿದು ನಿಂತಿದ್ದ.

ಗದಿಗೆಪ್ಪ ಪೂಜೆ ಮಾಡಿ, ಇಡೀ ಹಾಳೆಯನ್ನೇ ಲಿಂಗಕ್ಕೆ ತೋರಿಸಿ, ಒಂದು ಗುಳಿಗೆಯನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡ. ತಲೆಯೆತ್ತಿದಾಗ ಎದುರಿಗೆ ಚಂದ್ರವ್ವ ನೀರಿನ ತಂಬಿಗೆ ಹಿಡಿದು ಕುಳಿತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಇಡೀ ವಾರ ಬಿಲ್ಡಿಂಗಿನ ಮುಖಗಳನ್ನೆಲ್ಲ ಕಾದವನು ಈ ಒಂದು ಮುಖವನ್ನು ಈಗ ನೋಡಿದ. ನೋಡುತ್ತಿದ್ದ ಹಾಗೆ ಅವನ ಕಣ್ಣು ತುಂಬಿದವು. ತಡೆಯಬೇಕೆಂದುಕೊಂಡರೂ ತಡೆಯಲಾಗಲಿಲ್ಲ, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ.

"ಅಯ್ಯೋ ಮಾರಾಯ್ರೆ, ಅಳ್ತಿದ್ದಾರೆ!" ಎಂದು ಚಂಪಾ ಎದ್ದೇಬಿಟ್ಟಳು. "ಸೈಡ್ ಎಫೆಕ್ಟ್ ಶುರುವಾಯ್ತು! ಡಾಕ್ಟ್ರಿಗೆ ಹೇಳಿ!"

"ಹಲೋ, ಹಲೋ ಡಾಕ್ಟರ" ಎಂದು ಪರಪ್ಪ ಫೋನಿನಲ್ಲಿ ಕೂಗತೊಡಗಿದ. ನೀಲಕಂಠಪ್ಪ ಕಿಟಕಿ ತೆರೆಯಲು ಓಡಿದ.

ಚಂದ್ರವ್ವ ಗಂಡನ ಮುಷ್ಟಿ ಬಿಡಿಸಿ, ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಸುಮ್ಮಿರ್ರಿ ಎಲ್ಲಾರೂ" ಎಂದಳು. "ಇನ್ನೂ ನುಂಗೇ ಇಲ್ಲ."